ಸೂಜಿ ಆದಮೇಲಿನ ಅರ್ಧ ಗಂಟೆ

ಆಟೋ ಪಂಕ್ಚರ್ ಆಗಬಹುದಿತ್ತು. ಮೂಡಲಪಾಳ್ಯದ ಸರ್ಕಲ್ಲಿನಲ್ಲಿ ನೀರಿನ ಟ್ಯಾಂಕರೊಂದು ರಿವರ್ಸ್ ತಗೊಳ್ಳೋದನ್ನು ನೋಡುತ್ತ ನಾನು ಅಲ್ಲೇ ಮುದುಕಿ ಆಗಬಹುದಿತ್ತು. ಅತ್ತಿಗುಪ್ಪೆಗೆ ಹೋದರೂ ಮನೆ ಸಿಗದಿರಬಹುದಿತ್ತು, ಯಾಕಂದರೆ ನನಗೆ ಗೊತ್ತಿದ್ದ ವಿಳಾಸ "ಮೆಟ್ರೋ ಸ್ಟೇಷನ್ ಹಿಂದೆ, ಹಸಿರು ಗೇಟು" ಅಂತ ಮಾತ್ರ, ಮತ್ತು ಗೃಹಪ್ರವೇಶ, ನಾಮಕರಣ ಅಂತ ಗೇಟಿಗೆ ಹೊಸ ಬಣ್ಣ ಹೊಡೆಸೋ ಜನ ನಮ್ಮ ಕಡೆ ಕಮ್ಮಿ ಇಲ್ಲ. ಗೇಟಿಗೆ ಬೀಗ ಇರಬಹುದಿತ್ತು. ನಾಯಿ ಇರಬಹುದಿತ್ತು. ನಾಯಿ ಕಚ್ಚಿ, ನಾನೇ ನಮ್ಮ ಆರೋಗ್ಯ ಕೇಂದ್ರದಲ್ಲಿ ಚೀಟಿ ಮಾಡಿಸಿ ಸೂಜಿಗೆ ಕ್ಯೂ ನಿಲ್ಲಬಹುದಿತ್ತು. ಹೇಳದೆ ಕೇಳದೆ ಮೀಟಿಂಗ್ ಬಿಟ್ಟು ಓಡಿ ಬಂದದ್ದಕ್ಕೆ ಡಾಕ್ಟರು ನನ್ನ ಸಸ್ಪೆಂಡ್ ಮಾಡಿಸಬಹುದಿತ್ತು. ಸಂಪಿನ ಮುಚ್ಚಳ ತೆಗೆದಿರಬಹುದಿತ್ತು. ಟೆರೇಸಿನ ಬಾಗಿಲು ತೆಗೆದಿರಬಹುದಿತ್ತು. ಇಲ್ಲಿಗೆ ಬಂದಾಗ ನನ್ನ ಮನಸ್ಸು ಗಕ್ಕನೆ ನಿಂತು, ಮತ್ತೆ ನಾಯಿಯ ಕಡೆಗೆ ಹೋಯಿತು. ನಾಯಿ ಬಗ್ಗೆ ಯೋಚನೆ ಮಾಡೋದು ಎಷ್ಟೋ ಸಲೀಸು.

ಆ ಮನೆಯಲ್ಲಿ ಒಂದೂವರೆ ತಿಂಗಳ ಬಾಣಂತಿ ಇದ್ದಳು, ಪವಿತ್ರಾ ಅಂತ. ಆ ಹೊತ್ತಿಗೆ ಒಬ್ಬಳೇ ಇದ್ದಳು. ಒಬ್ಬಳೇ ಬಿಡಬಾರದಾಗಿದ್ದ ಹುಡುಗಿ. ಅವಳು ಒಬ್ಬಳೇ ಉಳಿಯೋ ಹಾಗೆ ಮಾಡಿದವಳು ನಾನು.

ನಾನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕಿ ಆಗಿದ್ದೆ. ಕಾಗದದಲ್ಲಿ ಹೆಸರು ಅಷ್ಟುದ್ದ, ಜನರ ಬಾಯಲ್ಲಿ ಬರೀ "ಸಿಸ್ಟರ್". ಮಂಡಿ ನೋವಿನ ದೆಸೆಯಿಂದ ಐವತ್ತನಾಲ್ಕಕ್ಕೇ ಸ್ವಯಂ ನಿವೃತ್ತಿ ತಗೊಂಡೆ. ನಿವೃತ್ತಿಯ ದಿನ ಹೊಗಳಿದವರೆಲ್ಲ "ಶಾಂತ ಸ್ವಭಾವ" ಅಂದರು. ಅವರಲ್ಲಿ ಒಬ್ಬರಿಗೂ ನನ್ನ ಪಕ್ಕ ಆಟೋದಲ್ಲಿ ಕೂತು ಗೊತ್ತಿಲ್ಲ. ನಾನು ಹುಟ್ಟಾ ಭಯಸ್ಥೆ. ಲಸಿಕೆ ಡಬ್ಬದ ಐಸು ಕರಗಿತೇ ಅಂತ ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿ, ಮುಟ್ಟಿ ಮುಟ್ಟಿಯೇ ಕರಗಿಸುವವಳು. ಈಗ ಕೆಲಸಕ್ಕೆ ಸೇರ್ತಿರೋ ಹುಡುಗಿಯರೇ, ನೀವೂ ಹೀಗೇ ಇದ್ದರೆ ನಾಚಿಕೆ ಪಡಬೇಡಿ. ಈ ಕೆಲಸದಲ್ಲಿ ಭಯ ಇಲ್ಲದವರನ್ನು ಕಂಡರೆ ನನಗೆ ಭಯ.

ನನ್ನ ಮೊದಲ ದೊಡ್ಡ ತಪ್ಪಿನಿಂದ ಶುರು ಮಾಡ್ತೀನಿ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತೇನೋ. ಒಬ್ಬ ತಾಯಿ ಮಗುವಿಗೆ ಸೂಜಿ ಹಾಕಿಸೋಕೆ ಬಂದಳು. ಮಗು ಅಳುತ್ತಿದೆ, ಅವಳು ಗೋಡೆ ನೋಡುತ್ತಿದ್ದಾಳೆ. ಮಗು ಅವಳದ್ದಲ್ಲವೇನೋ ಅನ್ನೋ ಹಾಗೆ. ನಾನು ಆಗಷ್ಟೇ ಯಾವುದೋ ತರಬೇತಿ ಮುಗಿಸಿ, ತಲೆ ತುಂಬ ಹೊಸ ಮಾತು ತುಂಬಿಕೊಂಡು ಬಂದಿದ್ದೆ. ಮೂವತ್ತು ಜನರ ಕ್ಯೂ ಮುಂದೆ, ಗಟ್ಟಿಯಾಗಿ, ಬಲು ಕಾಳಜಿಯಿಂದ ಕೇಳಿದೆ: "ಯಾಕಮ್ಮಾ, ಮನಸ್ಸು ಸರಿ ಇಲ್ವಾ?"

ಕ್ಯೂ ತಿರುಗಿ ನೋಡಿತು. ಅವಳ ಅತ್ತೆ ಮಗುವನ್ನು ಕಸಿದುಕೊಂಡು, "ನಮ್ಮನೇಲಿ ಅಂಥೋರು ಯಾರೂ ಇಲ್ಲ" ಅಂದು ಹೊರಟೇ ಹೋದರು. ಮುಂದಿನ ಸೂಜಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಬ್ಯಾಡರಹಳ್ಳಿ ಕಡೆ ಮನೆ ಬದಲಾಯಿಸಿದರು ಅಂತ ಯಾರೋ ಹೇಳಿದರು. ಎರಡು ಭಾನುವಾರ ಅಲ್ಲಿ ಬೀದಿ ಬೀದಿ ತಿರುಗಿದೆ, ಸಿಗಲಿಲ್ಲ. ಇವತ್ತಿಗೂ ಮಾಗಡಿ ರೋಡಿನಲ್ಲಿ ಬಸ್ಸಿನಲ್ಲಿ ಕೂತರೆ ಎಡಗಡೆ ಬಲಗಡೆ ಮುಖ ಹುಡುಕ್ತಾ ಇರ್ತೀನಿ. ಆ ಮಗುವಿಗೆ ಈಗ ಮೀಸೆ ಬಂದಿರುತ್ತೆ. ಕಂಡರೂ ಗುರುತು ಹೇಗೆ ಹಿಡೀತೀನೋ, ಆದರೂ ಹುಡುಕ್ತೀನಿ.

ನಮ್ಮ ಕಡೆ ಹುಡುಗರು ಒಬ್ಬರನ್ನೊಬ್ಬರು ಬೈಯೋದೇ "ಮೆಂಟಲ್ ನನ್ಮಗನೇ" ಅಂತ. ಅಂಥ ಊರಿನಲ್ಲಿ ನಮ್ಮ ಡಾಕ್ಟರು ಒಂದು ಬೋರ್ಡು ಹಾಕಿಸಿದರು.

ಡಾಕ್ಟರು ಕೆಟ್ಟವರಲ್ಲ. ಜ್ವರದ ಮಗುವನ್ನು ಮುಟ್ಟಿ ನೋಡುವ ಕೈ ಅವರದ್ದು, ಬರೀ ಕಂಪ್ಯೂಟರ್ ನೋಡುವವರಲ್ಲ. ಆದರೆ ಅವರಿಗೆ ಬೋರ್ಡಿನ ಹುಚ್ಚು. ಮಕ್ಕಳಿಗೂ ತಾಯಂದಿರಿಗೂ ಮನಸ್ಸಿನ ಆರೋಗ್ಯದ ಸೇವೆ ಶುರು ಮಾಡಿ ಅಂತ ಮೇಲಿಂದ ಆದೇಶ ಬಂದ ವಾರವೇ ಕಾರಿಡಾರಿನ ಕೊನೆಯ ರೂಮು ಖಾಲಿ ಮಾಡಿಸಿ, ಸೋಫಾ ಹಾಕಿಸಿ, ಬಾಗಿಲ ಮೇಲೆ ಇಷ್ಟಗಲ ಫ್ಲೆಕ್ಸು ಕಟ್ಟಿಸಿದರು: "ಮಾನಸಿಕ ಆರೋಗ್ಯ ಕೊಠಡಿ". ಜೊತೆಗೆ ತಲೆ ಹಿಡಿದುಕೊಂಡು ಕೂತ ಒಬ್ಬ ಹೆಂಗಸಿನ ಚಿತ್ರ. ಸೇವೆ ಶನಿವಾರ ಮಾತ್ರ. ಆಪ್ತ ಸಲಹೆಗೆ ನಿಖಿತಾ ಅನ್ನೋ ಹುಡುಗಿ ವಾರಕ್ಕೊಂದು ದಿನ ಬರುವಂತಾಯಿತು. ಓದಿದವಳು, ಮೃದು ಮಾತು, ಕೈಯಲ್ಲಿ ಯಾವಾಗಲೂ ಒಂದು ನೀರಿನ ಬಾಟಲಿ.

ನಿಖಿತಾ ಶನಿವಾರ ಶನಿವಾರ ಆ ಸೋಫಾದ ಮೇಲೆ ಕೂತಳು. ಜನ ಬಂದರಾ? ಒಬ್ಬರು ಬಂದರು. ಬಾಗಿಲು ತಳ್ಳಿ, "ಟಾಯ್ಲೆಟ್ ಇದೇನಾ?" ಅಂದರು.

ನಾನು ಡಾಕ್ಟರಿಗೆ ಹೇಳಿದೆ. "ಸಾರ್, ಆ ಬಾಗಿಲ ಕಡೆ ಹೆಜ್ಜೆ ಹಾಕಿದ್ರೆ ಇಡೀ ಮೂಡಲಪಾಳ್ಯ ನೋಡುತ್ತೆ. ಮದುವೆ ಆಗ್ಬೇಕಾದ ಹುಡುಗಿ ಇರೋ ಮನೆಯೋರು ಅಲ್ಲಿಗೆ ಬರ್ತಾರಾ?"

"ಅದೇ ಸ್ಟಿಗ್ಮಾ ಸಿಸ್ಟರ್. ಅದನ್ನೇ ನಾವು ಹೋಗಲಾಡಿಸ್ಬೇಕು."

"ಹೋಗಲಾಡ್ಸಿ ಸಾರ್. ಅದು ಹೋಗೋವರೆಗೂ ಬಾಣಂತೀರು ಕಾಯ್ಬೇಕಾ?"

ಅವರು ನಕ್ಕರು. ಬೋರ್ಡು ಅಲ್ಲೇ ಉಳಿಯಿತು.

ಆಮೇಲೆ ನಾನು ಮಾಡಿದ್ದು ಇಷ್ಟೇ. ಗುರುವಾರ ನಮ್ಮಲ್ಲಿ ಲಸಿಕೆ ದಿನ. ಸೂಜಿ ಹಾಕಿದ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲೇ ಇಟ್ಟುಕೊಂಡು ನೋಡಬೇಕು ಅಂತ ನಿಯಮ. ಯಾರೂ ಪ್ರಶ್ನೆ ಮಾಡದ ಅರ್ಧ ಗಂಟೆ ಅದು. ಅತ್ತೆ ಕೇಳಲ್ಲ, ಗಂಡ ಕೇಳಲ್ಲ, ಪಕ್ಕದ ಮನೆಯವಳು ನೋಡಿದರೂ "ಮಗೂಗೆ ಸೂಜಿ ಹಾಕ್ಸಿದ್ವಿ" ಅಂದರೆ ಮುಗೀತು. ಬೇವಿನ ಮರದ ಕೆಳಗೆ ಒಂದು ಬೆಂಚು ಹಾಕಿಸಿ, ನಿಖಿತಾಳನ್ನು ಶನಿವಾರದ ಸೋಫಾದಿಂದ ಎಬ್ಬಿಸಿ ಗುರುವಾರದ ಬೆಂಚಿನ ಮೇಲೆ ಕೂರಿಸಿದೆ. ಅವಳ ಕೈಗೆ ಜ್ವರದ ಡ್ರಾಪ್ಸ್ ಬಾಟಲಿಗಳ ಟ್ರೇ ಕೊಟ್ಟೆ. "ನಿಂಗೆ ಕೆಲಸ ಇದು. ಎಷ್ಟು ಹನಿ ಹಾಕ್ಬೇಕು ಅಂತ ಹೇಳಿಕೊಡೋಕೆ ಶುರು ಮಾಡು. ಮಿಕ್ಕಿದ್ದು ತಾನಾಗೇ ಬರುತ್ತೆ."

"ಮೇಡಂ, ಏನು ಕೇಳ್ಲಿ?"

"ಮನಸ್ಸು ಅನ್ನೋ ಪದ ಬಾಯಿಂದ ಬರಕೂಡದು. ಒಂದೇ ಪ್ರಶ್ನೆ. ಮಗು ಮಲಗಿದಾಗ ನಿಮಗೂ ನಿದ್ದೆ ಬರುತ್ತಾ?"

ಈ ಪ್ರಶ್ನೆ ಕೇಳಿ ನೋಡಿ. ಮಗು ಏಳಿಸುತ್ತೆ, ಅದಕ್ಕೇ ನಿದ್ದೆ ಇಲ್ಲ ಅನ್ನುವವರು ನಗ್ತಾರೆ, ಬೈಕೊಳ್ತಾರೆ, ಗಂಡನ ಗೊರಕೆಯ ಸುದ್ದಿ ಹೇಳ್ತಾರೆ. ಮಗು ಮಲಗಿದ್ದರೂ ನಿದ್ದೆ ಬರದವರು ಸುಮ್ಮನಾಗ್ತಾರೆ. ಆ ಸುಮ್ಮನಾಗೋದನ್ನು ಗುರುತಿಸೋದೇ ನಮ್ಮ ವಿದ್ಯೆ.

ಬೆಂಚು ತುಂಬತೊಡಗಿತು. ಒಂದೇ ಕಷ್ಟ ಅಂದರೆ ಬರೆಯೋದು ಎಲ್ಲಿ? ಹಿಂದೆ ರಿಜಿಸ್ಟರ್ ಇದ್ದಾಗ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಏನಾದರೂ ಗೀಚಬಹುದಿತ್ತು. ಈಗ ಟ್ಯಾಬು. ಟ್ಯಾಬಿಗೆ ಅಂಚು ಇಲ್ಲ. ಕೆಮ್ಮು, ಜ್ವರ, ಭೇದಿ ಎಲ್ಲ ಇದೆ, ಗೋಡೆ ನೋಡುತ್ತ ಕೂರೋದಕ್ಕೆ ಜಾಗ ಇಲ್ಲ. ಎಲ್ಲವನ್ನೂ "ಇತರೆ" ಅಂತ ಒತ್ತಿದೆ. ಕೆಲವು ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಗಾಬರಿ ಫೋನು: ನಿಮ್ಮ ವ್ಯಾಪ್ತಿಯಲ್ಲಿ "ಇತರೆ" ಕಾಯಿಲೆ ಹರಡುತ್ತಿದೆ, ನೀರಿನ ಸ್ಯಾಂಪಲ್ ಕಳಿಸಿದ್ದೀರಾ?

ಹಾಗೆ ಡಾಕ್ಟರಿಗೆ ಬೆಂಚಿನ ವಿಷಯ ಗೊತ್ತಾಯಿತು. ಕಾರಣ ಕೇಳಿ ನೋಟಿಸು ಬಂತು. ನಿಗದಿತ ಕೊಠಡಿ, ನಿಗದಿತ ದಿನ ಬಿಟ್ಟು ಸೇವೆಯನ್ನು ಮರದ ಕೆಳಗೆ ನಡೆಸಿದ್ದು ಏಕೆ? ಎರಡು ದಿನ ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದೆ. ಮೂರನೇ ದಿನ ಬರೆದೆ: "ಕೊಠಡಿಗೆ ಯಾರೂ ಬರುವುದಿಲ್ಲ. ಮರದ ಕೆಳಗೆ ಬರುತ್ತಾರೆ. ಬೆಂಚನ್ನು ತೆಗೆಯಬೇಕಾದರೆ ತಾವೇ ತೆಗೆಸಬೇಕಾಗಿ ಕೋರಿಕೆ. ನಾನು ತೆಗೆಸುವುದಿಲ್ಲ." ಹಾಕಿದ ಸಹಿ ಎಷ್ಟು ಸೊಟ್ಟಗಿತ್ತು ಅಂದರೆ, ಅದು ನನ್ನ ಸಹಿಯೇ ಹೌದೇ ಅಂತ ಡಾಕ್ಟರು ಕರೆಸಿ ಕೇಳಿದರು. ಬೆಂಚು ತೆಗೆಸಲಿಲ್ಲ.

ಇಲ್ಲಿಯವರೆಗೂ ನಾನು ಗೆದ್ದವಳ ಹಾಗೆ ಕಾಣ್ತಿದ್ದೀನಿ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು.

ಗಂಗಮ್ಮ ಅತ್ತಿಗುಪ್ಪೆಯ ಹಳೇ ಊರಿನವರು. ಹೊಲ ಇದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ, ಮೇಲೆಲ್ಲ ಬಾಡಿಗೆಯವರು. "ಆ ಮೆಟ್ರೋ ಕಂಬ ಐತಲ್ಲ ಸಿಸ್ಟ್ರೇ, ಅಲ್ಲಿ ನಮ್ಮ ಅವರೆ ಇತ್ತು" ಅನ್ನೋರು. ಅವರ ಮನೆ ಹತ್ತಿರವೇ ಬೇರೆ ಆರೋಗ್ಯ ಕೇಂದ್ರ ಇದ್ದರೂ, ನನ್ನ ಕೈಯ ಸೂಜಿ ನೋವಾಗಲ್ಲ ಅಂತ ಮೊಮ್ಮಕ್ಕಳನ್ನೆಲ್ಲ ನಮ್ಮಲ್ಲಿಗೇ ತರೋರು. ಜೋರು ಬಾಯಿ. ಅವರು ಬಂದರೆ ಕ್ಯೂ ತಾನಾಗೇ ನೆಟ್ಟಗಾಗುತ್ತಿತ್ತು. ಆ ಗುರುವಾರ ಸೊಸೆ ಪವಿತ್ರಾಳನ್ನು, ತಲೆಗೆ ಸ್ಕಾರ್ಫು ಕಟ್ಟಿ, ಕಿವಿಗೆ ಹತ್ತಿ ತುರುಕಿ, ಮೊದಲ ಸಲ ಕರೆತಂದರು. ಅವಳಿಗೆ ತಾಯಿ ಇಲ್ಲ. ಬಾಣಂತನ ಅತ್ತೆ ಮನೆಯಲ್ಲೇ.

ಮಗುವಿಗೆ ಒಂದೂವರೆ ತಿಂಗಳ ಸೂಜಿ ಆಯಿತು. ಗಂಗಮ್ಮ ಔಷಧಿ ಕೌಂಟರಿನಲ್ಲಿ ಟಾನಿಕ್ ವಿಷಯಕ್ಕೆ ಜಗಳ ತೆಗೆದರು. ನಾನು ಬೆಂಚಿಗೆ ಹೋಗಿ ನಿಖಿತಾಳ ಪಕ್ಕ ಕೂತೆ. ಮಗು ಅತ್ತು ಸುಸ್ತಾಗಿ ಪವಿತ್ರಾಳ ತೊಡೆಯ ಮೇಲೆ ಮಲಗಿತ್ತು.

"ಹಿಂಗೆ ಮಗು ಮಲಗಿದಾಗ ನಿಂಗೂ ನಿದ್ದೆ ಬರುತ್ತಾ ಪವಿತ್ರಾ?"

ಸುಮ್ಮನಾದಳು. ಆಮೇಲೆ, "ಇಲ್ಲ ಸಿಸ್ಟರ್. ಹೆರಿಗೆ ಆದಾಗಿಂದ ಇಲ್ಲ. ಕಣ್ಣು ಮುಚ್ಚಿದ್ರೆ ಸಂಪು ಕಾಣುತ್ತೆ" ಅಂದಳು.

"ಯಾವ ಸಂಪು?"

"ನಮ್ಮನೇದು. ಗೇಟ್ ಒಳಗೆ, ನೀರಿಂದು. ಮುಚ್ಚಳ ಸರಿಯಾಗಿ ಕೂರಲ್ಲ. ಅದರ ಹತ್ರ ಹೋಗೋಕೆ ಭಯ ನಂಗೆ. ಮಗು ಬೀಳುತ್ತೆ ಅಂತ ಅಲ್ಲ ಸಿಸ್ಟರ್." ಮಗುವಿನ ಟೋಪಿ ಸರಿ ಮಾಡಿದಳು. "ನಾನೇ ಇಳಿದುಬಿಡ್ತೀನೇನೋ ಅಂತ."

ನಿಖಿತಾ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. "ಮೇಡಂ, ತಡ ಮಾಡಬಾರದು. ದೊಡ್ಡಾಸ್ಪತ್ರೆ ಮನೋವೈದ್ಯರಿಗೆ ಫೋನ್ ಮಾಡ್ದೆ, ನಾಳೆ ಬೆಳಗ್ಗೆನೇ ನೋಡ್ತಾರಂತೆ. ಅಲ್ಲೀವರೆಗೂ ಒಂದು ಕ್ಷಣ ಒಬ್ಬರನ್ನೇ ಬಿಡಕೂಡದಂತೆ. ಅತ್ತೆಗೆ ಹೇಳ್ಲೇಬೇಕು."

ನನ್ನ ಕಣ್ಣ ಮುಂದೆ ಆ ಹಳೇ ಕ್ಯೂ ಬಂತು, ಮಗುವನ್ನು ಕಸಿದುಕೊಂಡ ಕೈ ಬಂತು. "ಗಂಗಮ್ಮಂಗಾ? ಹೇಳಿದ್ರೆ ಈ ಹುಡುಗೀನ ಮತ್ತೆ ನಾವು ನೋಡಲ್ಲ. ನೀನು ಹೊಸಬಳು ಕಣಮ್ಮ, ಈ ಕಡೆ ಅತ್ತೆಯಂದಿರು ನಿಂಗೆ ಗೊತ್ತಿಲ್ಲ."

"ಹಾಗಾದ್ರೆ ಏನಂತ ಹೇಳ್ತೀರಾ?"

ಏನಂತ ಹೇಳಿದೆ ಅಂದರೆ, ಮಗು ತೂಕ ಕಮ್ಮಿ ಇದೆ ಅಂದೆ. ನಾಳೆ ಬೆಳಗ್ಗೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿ ನಮ್ಮ ನಿಖಿತಾ ಸಿಗ್ತಾಳೆ ಅಂದೆ. ಸೂಜಿ ಹಾಕಿಸಿದ ಮಗು ಅಳುತ್ತೆ, ಬಾಣಂತಿ ಜೊತೆ ಯಾರಾದರೂ ಮಲಗಿ ಅಂತಲೂ ಹೇಳಿ, ರಾತ್ರಿಯ ಕಾವಲು ಗಟ್ಟಿ ಮಾಡಿಕೊಂಡೆ. ಎದೆಹಾಲು ಕುಡಿಯೋ ಮಗು ತಾಯಿಯನ್ನು ಬಿಟ್ಟು ಹೋಗುತ್ತದೆಯೇ? ಮಗು ಹೋದರೆ ತಾಯಿ ಹೋಗಲೇಬೇಕು. ಎಂಥ ಉಪಾಯ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಹನ್ನೊಂದು ಗಂಟೆ. ಡಾಕ್ಟರ ರೂಮಿನಲ್ಲಿ ಮೀಟಿಂಗು. ನಿಖಿತಾಳ ಫೋನು.

"ಮೇಡಂ, ಗಂಗಮ್ಮ ಬಂದಿದ್ದಾರೆ. ಮಗು ಬಂದಿದೆ. ಪವಿತ್ರಾ ಬಂದಿಲ್ಲ."

"ಬಂದಿಲ್ಲ ಅಂದ್ರೆ?"

"ಮನೇಲಿದ್ದಾರಂತೆ. ಒಬ್ರೇ. ಫೋನ್ ಮಾಡ್ತಿದೀನಿ, ಎತ್ತುತ್ತಿಲ್ಲ."

ನಾನು ಎದ್ದೆ. ಡಾಕ್ಟರು, "ಎಲ್ಲಿಗೆ ಸಿಸ್ಟರ್? ಇನ್ನೂ ರಿವ್ಯೂ ಮುಗಿದಿಲ್ಲ" ಅಂದರು. "ನಿಮ್ಮ ಇತರೆ ಸಾರ್" ಅಂದು ಹೊರಗೆ ಬಂದೆ. ಇದಕ್ಕೂ ಆಮೇಲೆ ನೋಟಿಸು ಬಂತು. "ಹೌದು, ಹೋಗಿದ್ದೆ. ಇನ್ನೊಮ್ಮೆ ಇಂಥದ್ದಾದರೂ ಹೋಗುತ್ತೇನೆ" ಅಂತ ಬರೆದೆ. ಈ ಸಲ ಸಹಿ ಸೊಟ್ಟಗಾಗಲಿಲ್ಲ, ಅಕ್ಷರ ದುಂಡಗೆ ಬಂತು.

ಆಟೋ ಹತ್ತಿ ಮತ್ತೆ ನಿಖಿತಾಗೆ ಫೋನ್ ಮಾಡಿ, ಗಂಗಮ್ಮನ ಕೈಗೆ ಕೊಡು ಅಂದೆ.

"ಏನ್ ಸಿಸ್ಟ್ರೇ, ಮಗು ತೂಕ ಸರಿಯಾಗೇ ಐತಂತೆ! ನಿಮ್ ತಕ್ಕಡಿ ರಿಪೇರಿ ಮಾಡ್ಸಿ."

"ಪವಿತ್ರಾನ ಯಾಕೆ ಕರ್ಕೊಂಡು ಹೋಗ್ಲಿಲ್ಲ ಗಂಗಮ್ಮೋರೇ?"

"ಬಾಣಂತೀನ ದಿನಾ ಗಾಳೀಗೆ ಎಳ್ಕೊಂಡು ತಿರುಗ್ತಾರಾ? ನೆನ್ನೆ ತಂದಿದ್ದೇ ನಿಮ್ ಮಾತಿಗೆ. ಹಾಲು ಕುಡಿಸ್ಕೊಂಡು, ಬಾಟ್ಲಿಗೂ ಹಾಕ್ಕೊಂಡು ಬಂದಿದೀನಿ."

ನೋಡಿ, ಬಾಣಂತಿ ಗಾಳಿಗೆ ಬರಬಾರದು. ಮೂವತ್ತು ವರ್ಷ ಬಾಣಂತಿಯರ ಮನೆ ಮೆಟ್ಟಿಲು ಹತ್ತಿ ಇಳಿದವಳು ನಾನು. ಆ ಕಿವಿಯ ಹತ್ತಿಯನ್ನು ನಿನ್ನೆ ತಾನೇ ನನ್ನ ಕಣ್ಣಾರೆ ನೋಡಿದವಳು. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ.

"ತಕ್ಕಡಿ ಸರಿ ಇದೆ. ನಾನು ಸುಳ್ಳು ಹೇಳ್ದೆ. ಕಾಯಿಲೆ ಮಗೂಗಲ್ಲ, ಪವಿತ್ರಾಗೆ. ಅವಳಿಗೆ ನಿದ್ದೆ ಇಲ್ಲ. ಸಾಯೋ ಯೋಚನೆ ಬರ್ತಾ ಇದೆ, ಸಂಪಿಗೆ ಇಳಿದುಬಿಡ್ತೀನೇನೋ ಅಂತಾಳೆ."

ಆ ಕಡೆ ಆಸ್ಪತ್ರೆಯ ಗದ್ದಲ ಕೇಳಿಸಿತು, ಮಗು ಒಮ್ಮೆ ಕುಂಯ್ ಅಂದಿತು. ಗಂಗಮ್ಮನ ದನಿ ಸಣ್ಣಗಾಗಿ ಬಂತು. "ಬಾಣಂತಿ ಸನ್ನಿನಾ?"

"ಹೆಸರು ಏನೋ ಡಾಕ್ಟರು ಹೇಳ್ತಾರೆ. ಬಾಣಂತನದಲ್ಲಿ ಬರೋ ಕಾಯಿಲೆ. ಔಷಧಿ ಇದೆ, ವಾಸಿ ಆಗುತ್ತೆ."

"ಇದನ್ನ ನೆನ್ನೆ ಬಾಯಿ ಬಿಟ್ಟು ಹೇಳೋಕೆ ನಿಮಗೇನಾಗಿತ್ತು ಧಾಡಿ?" ಸಣ್ಣಗಾಗಿದ್ದ ದನಿ ಈಗ ಆಟೋ ಡ್ರೈವರಿಗೂ ಕೇಳಿಸುತ್ತಿತ್ತು. "ನಾನೇನು ಬೀದೀಲಿ ಡಂಗೂರ ಹೊಡೀತಿದ್ನಾ? ನನ್ ಸೊಸೆ ಅವಳು! ನಾನು ಸಂಪಿನ ಮೇಲೇ ಹಾಸ್ಕೊಂಡು ಮಲಗ್ತಿದ್ದೆ! ಬಾಡಿಗೆಯೋರೆಲ್ಲ ಕೆಲಸಕ್ಕೆ ಹೋಗವ್ರೆ, ಮಗನ ಫ್ಯಾಕ್ಟ್ರೀಲಿ ಫೋನ್ ಒಳಗೆ ಬಿಡಲ್ಲ. ಓಡಿ ಸಿಸ್ಟ್ರೇ, ಕೂತ್ಕೊಂಡು ಮಾತಾಡಬ್ಯಾಡಿ!"

ಫೋನ್ ಇಟ್ಟರು. ಮೂವತ್ತು ವರ್ಷದಲ್ಲಿ ನನಗೆ ಬಂದ ನೋಟಿಸುಗಳಲ್ಲಿ ಉತ್ತರ ಕೊಡಲಾಗದ್ದು ಇದೊಂದೇ.

ಬೆಂಚಿನ ವಿಷಯದಲ್ಲಿ ನಾನು ಇವತ್ತಿಗೂ ಜಗ್ಗಲ್ಲ. ಬೋರ್ಡು ಬೇಡ, ಕೊನೆಯ ರೂಮು ಬೇಡ, ಶನಿವಾರ ಬೇಡ. ಕೊಠಡಿ ಬೇಕೇ ಬೇಕು ಅನ್ನುವವರು ಮೊದಲು ಆ ಕಾರಿಡಾರಿನಲ್ಲಿ ಹೆಂಡತಿ, ಮಗಳ ಜೊತೆ ಹಾಡಹಗಲು ನಡೆದು ತೋರಿಸಲಿ. ಆದರೆ ಬಂದವಳ ಕಾಯಿಲೆಯನ್ನು ಅವಳ ಮನೆಯಿಂದ ಮುಚ್ಚಿಡೋ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ಪವಿತ್ರಾಳನ್ನು ಒಂದು ಮಾತು ಕೇಳಿ, ಗಂಗಮ್ಮನನ್ನು ಅದೇ ಬೆಂಚಿನ ಮೇಲೆ ಕೂರಿಸಿ ಹೇಳಬೇಕಿತ್ತು. "ನಮ್ಮನೇಲಿ ಅಂಥೋರು ಯಾರೂ ಇಲ್ಲ" ಅಂದಿದ್ದು ಯಾವತ್ತೋ, ಯಾರೋ ಅತ್ತೆ. ಆ ಮಾತನ್ನು ಗಂಗಮ್ಮನ ಬಾಯಿಗೆ ತುರುಕಿದವಳು ನಾನು. ಹೊಸಬಳು ಅಂತ ಬಾಯಿ ಮುಚ್ಚಿಸಿದೆನಲ್ಲ, ಸರಿಯಾಗಿ ಹೇಳಿದ್ದು ಆ ಹುಡುಗಿಯೇ. ಹುಡುಗಿಯರೇ, ನಿಮ್ಮ ಕೇಂದ್ರದಲ್ಲೂ ನನ್ನಂಥ ಒಬ್ಬಳು ಹಳಬಳು ಇರ್ತಾಳೆ. ಅವಳು "ನಿಂಗೆ ಗೊತ್ತಿಲ್ಲ ಕಣಮ್ಮ" ಅಂದರೆ ಅಲ್ಲಿಗೆ ಬಿಡಬೇಡಿ. ಎದುರು ಮಾತಾಡಿ.

ನನ್ನ ಹಾಗೇ ಎದೆ ಹೊಡೆದುಕೊಳ್ಳುವವರು ಇದನ್ನು ಓದುತ್ತಿದ್ದರೆ, ಮೊದಲೇ ಹೇಳಿಬಿಡ್ತೀನಿ: ಪವಿತ್ರಾ ಚೆನ್ನಾಗಿದ್ದಾಳೆ. ಅವತ್ತು ಮಧ್ಯಾಹ್ನವೇ ಗಂಗಮ್ಮ ಅವಳನ್ನು, ಕಿವಿಗೆ ಹತ್ತಿ ಇಟ್ಟುಕೊಂಡೇ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಮಾತ್ರೆ ತಿಂಗಳುಗಟ್ಟಲೆ ನಡೆಯಿತು, ಮಧ್ಯೆ ಒಮ್ಮೆ ಹಿಂದೆ ಸರಿಯಿತು, ಮತ್ತೆ ಸುಧಾರಿಸಿತು. ಸಂಪಿಗೆ ಕಬ್ಬಿಣದ ಮುಚ್ಚಳ, ಬೀಗ. ಬೀಗದ ಕೈ ಗಂಗಮ್ಮನ ಸೆರಗಿನಲ್ಲಿ. ಅತ್ತಿಗುಪ್ಪೆಯಲ್ಲಿ ಯಾರಿಗೆ ಬಾಣಂತನ ಆದರೂ "ಮಗು ಮಲಗಿದಾಗ ನಿದ್ದೆ ಬರ್ತೈತಾ?" ಅಂತ ಕೇಳಿಕೊಂಡು ಬರೋರು ಈಗ ಅವರೇ. ಗಟ್ಟಿಯಾಗಿ ಕೇಳ್ತಾರೆ, ಕ್ಯೂ ಮುಂದೆಯೇ ಕೇಳ್ತಾರೆ. ಅವರ ಬಾಯಿಗೆ ಹೆದರಿ ಯಾರೂ ತಿರುಗಿ ನೋಡಲ್ಲ.

ಆಟೋ ಪಂಕ್ಚರ್ ಆಗಲಿಲ್ಲ. ಟ್ಯಾಂಕರು ದಾರಿ ಬಿಟ್ಟಿತು. ಗೇಟು ಹಸಿರೇ ಇತ್ತು, ಬೀಗ ಇರಲಿಲ್ಲ, ನಾಯಿಯೂ ಇರಲಿಲ್ಲ. ಸಂಪಿನ ಮುಚ್ಚಳ ಮುಚ್ಚಿತ್ತು. ಆದರೂ ಮಂಡಿಯೂರಿ, ಸಂದಿಯಲ್ಲಿ ಕಣ್ಣಿಟ್ಟು, ಬರೀ ಕತ್ತಲನ್ನು ನೋಡಿ ಎದ್ದೆ. ಬಾಗಿಲು ಒಳಗಿನಿಂದ ಹಾಕಿತ್ತು. ಬೆಲ್ ಒತ್ತಿದೆ. ಬಡಿದೆ. ಎರಡೂ ಕೈಯಲ್ಲಿ ಬಡಿದೆ. ಮೂವತ್ತು ವರ್ಷ ಯಾವ ಮಗುವಿಗೂ ನೋವಾಗದ ಹಾಗೆ ಸೂಜಿ ಚುಚ್ಚಿದ ಕೈ ಆ ಬಾಗಿಲನ್ನು ಮುರಿಯುವ ಹಾಗೆ ಬಡಿಯಿತು. "ಪವಿತ್ರಾ! ಪವಿತ್ರಾ!" ಅಂತ ನಾನು ಕೂಗಿದ್ದಕ್ಕೆ ಎದುರು ಮನೆಯ ಮಹಡಿಯಿಂದ ಯಾರೋ ಇಣುಕಿದರು.

ಚಿಲಕ ತೆಗೆದ ಸದ್ದು.

ಕೆನ್ನೆ ಮೇಲೆ ದಿಂಬಿನ ಗೆರೆ. ಸ್ಕಾರ್ಫು ಜಾರಿ ಕುತ್ತಿಗೆಗೆ ಬಂದಿತ್ತು. ಕಣ್ಣು ಪೂರ್ತಿ ಬಿಡಲು ಆಗದೆ ಬಾಗಿಲನ್ನೇ ಹಿಡಿದುಕೊಂಡು ನಿಂತಳು.

"ಏನಾಯ್ತು ಸಿಸ್ಟರ್? ಮಗೂಗೆ ಏನಾಯ್ತು?"

"ಏನೂ ಇಲ್ಲ. ಮಗು ಚೆನ್ನಾಗಿದೆ. ನೀನು… ಫೋನ್ ಯಾಕೆ ಎತ್ತಲಿಲ್ಲ?"

"ಅತ್ತೆ ಮಗು ಎತ್ಕೊಂಡು ಹೋದ್ರು. ಹಂಗೇ ಸುಮ್ನೆ ಒರಗಿದೆ." ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನನ್ನ ಮುಖ ನೋಡಿದಳು. "ನಿದ್ದೆ ಬಂದುಬಿಟ್ಟಿತ್ತು ಸಿಸ್ಟರ್."

ಒಂದೂವರೆ ತಿಂಗಳಲ್ಲಿ ಮೊದಲ ಸಲ ಬಂದಿತ್ತು. ನಾನು ಎಬ್ಬಿಸಿಬಿಟ್ಟೆ.